ಚಿಯಾ ಬೇರೆ, ಕಾಮಕಸ್ತೂರಿ ಬೇರೆ

ಊಟದ ಚರಿತ್ರೆ – ಭಾಗ 6

ನಮ್ಮ ವಿಜಯಪುರದ (ದೇವನಹಳ್ಳಿ ತಾಲ್ಲೂಕಿನದು, ಬಿಜಾಪುರ ಅಲ್ಲ ಮತ್ತೆ!) ಅಂಗಡಿಗಳಲ್ಲೂ ಈಗ ಚಿಯಾ ಸಿಗುತ್ತೆ. ಎಷ್ಟೋ ಜನ ಅದನ್ನ ಕಾಮಕಸ್ತೂರಿ ಬೀಜ ಅಂದ್ಕೊಂಡಿದ್ದಾರೆ. ನೀವೂನಾ? ಎರಡೂ ತುಳಸಿ ಕುಟುಂಬದವೇ, ನೆನೆಸಿದರೆ ಎರಡಕ್ಕೂ ಲೋಳೆ ಬರುತ್ತೆ. ಆದರೆ ಕಾಮಕಸ್ತೂರಿ ಪೂರಾ ಕಪ್ಪು, ಬೇಗ ಉಬ್ಬುತ್ತೆ. ಚಿಯಾ ಮೇಲೆ ಬೂದು-ಕಂದು ಮಚ್ಚೆ ಇರುತ್ತೆ, ಉಬ್ಬೋದೂ ನಿಧಾನ.

ಚಿಯಾ ಹುಟ್ಟೂರು ಮೆಕ್ಸಿಕೋ ಕಡೆ. ಅಜ್ಟೆಕ್ ಅರಸರಿಗೆ ಸೋತ ಊರುಗಳು ಕಪ್ಪ ಕೊಡಬೇಕಿತ್ತಲ್ಲ, ಅದರಲ್ಲಿ ಮುಸುಕಿನ ಜೋಳ, ಬೀನ್ಸ್ ಕಾಳಿನ ಜೊತೆ ಚಿಯಾನೂ ಇತ್ತು. 1540ರ ಸುಮಾರಿನ ಮೆಂಡೋಜಾ ಹಸ್ತಪ್ರತಿಯಲ್ಲಿ ಆ ಲೆಕ್ಕವನ್ನ ಚಿತ್ರ ಬರೆದೇ ಇಟ್ಟಿದ್ದಾರೆ. ಹುರಿದು ಹಿಟ್ಟು ಮಾಡಿ ನೀರಿಗೆ ಕಲಸಿ ಕುಡೀತಿದ್ರು. ಅದರ ಎಣ್ಣೆ ಬಣ್ಣಕ್ಕೂ ಬರ್ತಿತ್ತು. 1521ರಲ್ಲಿ ರಾಜಧಾನಿ ಸ್ಪೇನಿನವರ ವಶವಾಯ್ತು, ಆಮೇಲೆ ಚಿಯಾ ಮೂಲೆ ಸೇರಿತು. ತಮಾಷೆ ನೋಡಿ, 1753ರಲ್ಲಿ ಲಿನೇಯಸ್ ಅದಕ್ಕೆ ಇಟ್ಟ ಹೆಸರು ‘ಸಾಲ್ವಿಯಾ ಹಿಸ್ಪಾನಿಕಾ’, ಅಂದ್ರೆ ಸ್ಪೇನಿನದು! 1990ರ ದಶಕದಲ್ಲಿ ಅರ್ಜೆಂಟೀನಾದಲ್ಲಿ ಮತ್ತೆ ಬೆಳೆ ಶುರುವಾಯ್ತು. 2010ರ ದಶಕದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ನಮ್ಮ ರೈತರಿಗೆ ಪರಿಚಯ ಮಾಡಿಸಿತು, ಎಚ್.ಡಿ. ಕೋಟೆ ಕಡೆಯ ಹೊಲಗಳಿಗೂ ಬಂತು.

ಈಗ ಲೆಕ್ಕ. 100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು, 630 ಮಿಲಿಗ್ರಾಂ ಕ್ಯಾಲ್ಸಿಯಂ. ರಾಗಿಯಲ್ಲಿ ಕ್ಯಾಲ್ಸಿಯಂ 350ರ ಆಸುಪಾಸು. ‘ಹಾಗಾದ್ರೆ ಮುದ್ದೆ ಬೇಡ’ ಅಂತ ಅಮ್ಮಂಗೆ ಹೇಳೋಕೆ ಹೊರಟ್ರಾ? ತಡೀರಿ. ಚಿಯಾ ನಾವು ತಿನ್ನೋದು ಒಂದು ದೊಡ್ಡ ಚಮಚ, ಹೆಚ್ಚೆಂದರೆ 12 ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ ಬರೀ 75 ಮಿಲಿಗ್ರಾಂ. 100 ಗ್ರಾಂ ರಾಗಿಹಿಟ್ಟಿನ ಮುದ್ದೆ ಒಂದೇ ಊಟಕ್ಕೆ ಒಳಗೆ ಹೋಗುತ್ತೆ! ಒಮೆಗಾ-3 ಬೇಕು ಅಂದ್ರೆ ಅಗಸೆ ಬೀಜದಲ್ಲಿ ಇನ್ನೂ ಜಾಸ್ತಿ ಇದೆ, ಪುಡಿ ಮಾಡಿ ತಿನ್ನಬೇಕು ಅಷ್ಟೇ. ನಾರಿಗೆ ಮಾತ್ರ ಚಿಯಾ ನಿಜವಾಗ್ಲೂ ಒಳ್ಳೇದು.

ರೀಲ್ಸ್ ನೋಡಿ ಒಣ ಬೀಜ ಬಾಯಿಗೆ ಹಾಕ್ಕೊಂಡು ನೀರು ಕುಡಿಯೋರು ಇದನ್ನ ಓದಿ. ಅಮೆರಿಕದಲ್ಲಿ 39 ವರ್ಷದ ಒಬ್ಬರು ಹೀಗೇ ಮಾಡಿದ್ರು. ಅವರಿಗೆ ಮೊದಲೇ ಆಗಾಗ ನುಂಗೋಕೆ ಕಷ್ಟ ಆಗ್ತಿತ್ತು. ಬೀಜ ಅನ್ನನಾಳದಲ್ಲೇ ಉಬ್ಬಿ ಮುಚ್ಚಿಕೊಳ್ತು. ಎಂಡೋಸ್ಕೋಪಿ ಮಾಡಿ ಬಿಡಿಸಬೇಕಾಯ್ತು. 2014ರ ವೈದ್ಯರ ಸಮ್ಮೇಳನವೊಂದರಲ್ಲಿ ಈ ಪ್ರಕರಣ ಹೇಳಿದ್ರು. ಚಿಯಾ ತನ್ನ ತೂಕದ 10 ಪಟ್ಟಿಗೂ ಹೆಚ್ಚು ನೀರು ಹೀರುತ್ತೆ, ಆ ನೀರನ್ನ ಲೋಟದಲ್ಲೇ ಕುಡಿಸಿಬಿಡಿ: ಅರ್ಧ ಗಂಟೆ ನೆನೆಸಿ, ಮಧ್ಯೆ ಕಲಕಿ. ಶುರುವಿಗೆ ಅರ್ಧ ಚಮಚ ಸಾಕು, ಇಲ್ಲಾಂದ್ರೆ ಹೊಟ್ಟೆ ಉಬ್ಬರ. ಮನೇಲಿ ತಾತ, ಅಜ್ಜಿ ಬಿಪಿ, ಶುಗರ್ ಅಥವಾ ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ರೆ ಡಾಕ್ಟರ್‌ನ ಕೇಳಿ ಕೊಡಿ.

ಮುಂದಿನ ಭಾಗ: ಹುಚ್ಚೆಳ್ಳು.

#ಊಟದಚರಿತ್ರೆ #ವಿಜಯಪುರ