ಎತ್ತದೆ ಬಿಟ್ಟ ಹಡಗು: ಅರಿಜೋನಾ ಸ್ಮಾರಕ ರೂಪುಗೊಂಡ ಬಗೆ

ಹವಾಯಿಯ ಪರ್ಲ್ ಹಾರ್ಬರಿನಲ್ಲಿ ನೀರಿನ ಮೇಲೆ ನಿಂತ ಬಿಳಿಯ ಭವನದಿಂದ ಬಗ್ಗಿ ನೋಡಿದರೆ ಕೆಳಗಿನಿಂದ ಎಣ್ಣೆಯ ಹನಿಯೊಂದು ಮೆಲ್ಲಗೆ ಎದ್ದು ಬರುವುದು ಕಾಣುತ್ತದೆ. ಮೇಲೆ ಬಂದೊಡನೆ ಅದು ಕಾಮನಬಿಲ್ಲಿನ ಬಣ್ಣ ತಳೆದು ಹರಡಿ, ಅಲೆಗೆ ಸಿಕ್ಕಿ ಹರಿದುಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ಹನಿ. 1941ರ ಡಿಸೆಂಬರ್ 7ರಂದು ಮುಳುಗಿದ ಯುದ್ಧನೌಕೆ ಅರಿಜೋನಾದ ಇಂಧನ ಅದು. ಇಂದಿಗೂ ಅದು ಸೋರುತ್ತಲೇ ಇದೆ.

ಅಮೆರಿಕದ ಸರ್ಕಾರ ತನ್ನ ಯೋಧರಿಗೆ ಸಲ್ಲಿಸಿದ ಗೌರವ ಎಂದೇ ಈ ಸ್ಮಾರಕವನ್ನು ಬಣ್ಣಿಸುವುದು ವಾಡಿಕೆ. ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ ಈ ಮಾತು ಅರೆಸತ್ಯ ಎನಿಸುತ್ತದೆ. ಹಡಗನ್ನು ಸ್ಮಾರಕವಾಗಿಸಿದ್ದು ಬಹುಪಾಲು ಸಾರ್ವಜನಿಕರ ಹಣ ಮತ್ತು ಬದುಕುಳಿದ ನಾವಿಕರ ಹಂಬಲ. ಸರ್ಕಾರ ತಡವಾಗಿ ಬಂದು ಕೈಜೋಡಿಸಿತು.

1916ರಲ್ಲಿ ಸೇವೆಗೆ ಸೇರಿದ ಈ ನೌಕೆಯ ಮುಂಭಾಗಕ್ಕೆ 1941ರ ಡಿಸೆಂಬರ್ 7ರ ಬೆಳಿಗ್ಗೆ ಎಂಟು ಗಂಟೆ ದಾಟುತ್ತಿದ್ದಂತೆ ಜಪಾನಿನ ಬಾಂಬು ಬಿತ್ತು. ಮದ್ದಿನ ಕೋಠಿ ಸಿಡಿಯಿತು. 1,177 ಮಂದಿ ಸತ್ತರು. ಆ ದಿನ ಪರ್ಲ್ ಹಾರ್ಬರಿನಲ್ಲಿ ಪ್ರಾಣ ಕಳೆದುಕೊಂಡ ಅಮೆರಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಈ ಒಂದೇ ಹಡಗಿನವರು. ಮುಳುಗಿದ ಇತರ ನೌಕೆಗಳಲ್ಲಿ ಹಲವನ್ನು ಎತ್ತಿ, ರಿಪೇರಿ ಮಾಡಿ, ಮತ್ತೆ ಯುದ್ಧಕ್ಕೆ ಕಳಿಸಿದರು. ಆದರೆ ಅರಿಜೋನಾ ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ. ನೀರಿನ ಮೇಲಿದ್ದ ಉಕ್ಕನ್ನು ಕತ್ತರಿಸಿ ಒಯ್ದರು, ಹಿಂಭಾಗದ ಫಿರಂಗಿಗಳನ್ನು ಕಳಚಿ ಕರಾವಳಿಯ ಕಾವಲಿಗೆಂದು ಸೇನೆಗೆ ಕೊಟ್ಟರು. ಒಡಲನ್ನು ಅಲ್ಲೇ ಬಿಟ್ಟರು. ಅದರೊಳಗೆ 900ಕ್ಕೂ ಹೆಚ್ಚು ದೇಹಗಳು ಉಳಿದವು.

ಇಲ್ಲಿ ಬಾಸ್ಟನ್ನಿನ 'ಕಾನ್‌ಸ್ಟಿಟ್ಯೂಷನ್' ನೆನಪಾಗುತ್ತದೆ. 1797ರಲ್ಲಿ ನೀರಿಗಿಳಿದ ಆ ಹಾಯಿಹಡಗನ್ನು ಹಲಗೆ ಬದಲಿಸುತ್ತ, ಹಗ್ಗ ಬದಲಿಸುತ್ತ ಇಂದಿಗೂ ತೇಲಿಸಿಕೊಂಡು ಬಂದಿದ್ದಾರೆ. ಮೂಲದ ಮರ ಅದರಲ್ಲಿ ಉಳಿದಿರುವುದು ಅತ್ಯಲ್ಪ. ಕೈಯಿಟ್ಟು ಕಾಪಾಡುವುದು ಅಲ್ಲಿನ ಗೌರವವಾದರೆ ಕೈಯಿಡದೆ ಕಾಪಾಡುವುದು ಅರಿಜೋನಾದ ಗೌರವ. ಎರಡನೆಯದು ಮೊದಲಿಗೆ ಯಾರ ಯೋಜನೆಯೂ ಆಗಿರಲಿಲ್ಲ. ಎತ್ತಲಾಗದ ಅಸಹಾಯಕತೆಯೇ ಮುಂದೆ ಮುಟ್ಟಬಾರದೆಂಬ ಭಕ್ತಿಯಾಗಿ ಬೆಳೆಯಿತು.

ಯುದ್ಧ ಮುಗಿದ ಮೇಲೂ ಅಲ್ಲಿ ವರ್ಷಗಟ್ಟಲೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 1950ರಲ್ಲಿ ಅಡ್ಮಿರಲ್ ಆರ್ಥರ್ ರ‍್ಯಾಡ್‌ಫರ್ಡ್ ಆ ಅವಶೇಷದ ಮೇಲೆ ದಿನವೂ ರಾಷ್ಟ್ರಧ್ವಜ ಏರಿಸುವ ಪದ್ಧತಿ ಆರಂಭಿಸಿದರು. 1958ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸ್ಮಾರಕಕ್ಕೆ ಒಪ್ಪಿಗೆಯ ಸಹಿ ಹಾಕಿದರಾದರೂ ಹಣವನ್ನು ಖಾಸಗಿಯಾಗಿ ಕೂಡಿಸಬೇಕಿತ್ತು. ಸುಮಾರು 5 ಲಕ್ಷ ಡಾಲರಿನ ಕೆಲಸ. ಟೆಲಿವಿಷನ್ ಕಾರ್ಯಕ್ರಮವೊಂದರ ಮೂಲಕ ದೇಣಿಗೆ ಬಂತು, ಹಡಗಿನ ಆಟಿಕೆ ಮಾದರಿಗಳ ಮಾರಾಟದಿಂದ ಬಂತು. 1961ರ ಮಾರ್ಚ್ 25ರಂದು ಎಲ್ವಿಸ್ ಪ್ರೀಸ್ಲಿ ಪರ್ಲ್ ಹಾರ್ಬರಿನಲ್ಲೇ ಹಾಡಿದರು, ಆ ಒಂದು ಸಂಜೆಗೆ 50 ಸಾವಿರ ಡಾಲರಿಗೂ ಮಿಕ್ಕಿ ಕೂಡಿತು. ಆ ವರ್ಷ ಸಂಸತ್ತು ಒಂದೂವರೆ ಲಕ್ಷ ಡಾಲರ್ ಕೊಟ್ಟಿತು. 1962ರ ಮೇ 30ರಂದು ಸ್ಮಾರಕ ಲೋಕಾರ್ಪಣೆಯಾಯಿತು.

ವಿನ್ಯಾಸ ಆಲ್ಫ್ರೆಡ್ ಪ್ರೈಸ್ ಅವರದು. ನಾತ್ಸಿಗಳ ಹಿಡಿತದಲ್ಲಿದ್ದ ವಿಯೆನ್ನಾದಿಂದ ತಪ್ಪಿಸಿಕೊಂಡು 1939ರಲ್ಲಿ ಹವಾಯಿಗೆ ಬಂದಿದ್ದ ಅವರನ್ನು ದಾಳಿಯ ಬೆನ್ನಿಗೇ 'ಶತ್ರುದೇಶದವನು' ಎಂದು ಸ್ಯಾಂಡ್ ಐಲೆಂಡಿನ ಶಿಬಿರದಲ್ಲಿ ಕೂಡಿಹಾಕಿದ್ದರು. ಯಾವ ದಾಳಿಯ ನೆಪದಲ್ಲಿ ಬಂಧಿತರಾದರೋ ಅದೇ ದಾಳಿಯಲ್ಲಿ ಸತ್ತವರಿಗೆ ಅವರು ಮನೆ ಕಟ್ಟಿಕೊಟ್ಟರು. ಈ ಸಂಗತಿಗೆ ಸ್ಮಾರಕದ ಚರಿತ್ರೆಯಲ್ಲಿ ಅಡಿಟಿಪ್ಪಣಿಗಿಂತ ದೊಡ್ಡ ಜಾಗ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 184 ಅಡಿ ಉದ್ದದ ಭವನ ಮುಳುಗಿದ ಹಡಗಿಗೆ ಅಡ್ಡಲಾಗಿ ಸೇತುವೆಯಂತೆ ನಿಂತಿದೆ, ಎಲ್ಲಿಯೂ ಹಡಗನ್ನು ತಾಗುವುದಿಲ್ಲ. ನಡುವೆ ತಗ್ಗಿ ಎರಡು ತುದಿಗಳಲ್ಲಿ ಎದ್ದು ನಿಲ್ಲುವ ಅದರ ಆಕಾರದಲ್ಲಿ ಪ್ರೈಸ್ ಮೊದಲ ಸೋಲನ್ನೂ ಕೊನೆಯ ಗೆಲುವನ್ನೂ ಕಂಡರು. ಒಳಕೋಣೆಯ ಅಮೃತಶಿಲೆಯ ಗೋಡೆಯ ಮೇಲೆ ಮಡಿದವರ ಹೆಸರುಗಳಿವೆ.

ಒಡಲಲ್ಲಿ ಇನ್ನೂ ಸುಮಾರು 5 ಲಕ್ಷ ಗ್ಯಾಲನ್ ಎಣ್ಣೆ ಉಳಿದಿದೆಯೆಂಬ ಅಂದಾಜಿದೆ. ತುಕ್ಕು ಹೆಚ್ಚಿ ಒಡಲು ಕುಸಿದರೆ ಬಂದರಿಗೇ ಅಪಾಯ. ಹೊರತೆಗೆಯೋಣವೆಂದರೆ ಸಮಾಧಿಯನ್ನು ಕೆದಕಿದಂತೆ. ಸಂಶೋಧಕರು ಉಕ್ಕಿನ ಸವೆತವನ್ನು ಅಳೆಯುತ್ತ ಕಾವಲು ಕಾಯುತ್ತಿದ್ದಾರೆ. ಸದ್ಯಕ್ಕೆ ಇದೇ ಸರಿಯಾದ ದಾರಿ ಎನ್ನಬೇಕು.

1982ರಲ್ಲಿ ನೌಕಾಪಡೆ ಇನ್ನೊಂದು ಅವಕಾಶ ಕೊಟ್ಟಿತು: ಅಂದು ಬದುಕುಳಿದವರು ತೀರಿಕೊಂಡಾಗ ಬಯಸಿದ್ದರೆ ಅವರ ಚಿತಾಭಸ್ಮವನ್ನು ಹಡಗಿನೊಳಗೇ ಇರಿಸಬಹುದಿತ್ತು. 40ಕ್ಕೂ ಹೆಚ್ಚು ಮಂದಿ ಹಾಗೆ ಮರಳಿದ್ದಾರೆ. 2024ರ ಏಪ್ರಿಲಿನಲ್ಲಿ ಲೂ ಕಾಂಟರ್ ತೀರಿಕೊಂಡ ಮೇಲೆ ಆ ಹಡಗಿನ ಯಾರೂ ಉಳಿದಿಲ್ಲ. ಮರಳಿದವರಲ್ಲಿ ಒಬ್ಬರು, ಅಂದು ಉರಿಯುತ್ತಿದ್ದ ಹಡಗಿಗೆ ದೋಣಿಯಲ್ಲಿ ಹಿಂದಿರುಗಿ ತಮ್ಮ ಅವಳಿ ಸೋದರನನ್ನು ಹುಡುಕಿ ಸಿಗದೆ ಬಂದವರು. 2016ರ ಡಿಸೆಂಬರ್ 7ರಂದು, ದಾಳಿಗೆ 75 ವರ್ಷ ತುಂಬಿದ ದಿನ, ಮುಳುಗುಗಾರರು ಅವರ ಅಸ್ಥಿಕಲಶವನ್ನು ಹಿಡಿದು ನೀರಿಗಿಳಿದು ನಾಲ್ಕನೆಯ ಫಿರಂಗಿ ಗೋಪುರದ ಒಳಗೆ ಬಿಟ್ಟುಬಂದರು.