ಪದವಿಯ ಜೊತೆಗೆ ಹುನರ್: ಕರಾವಳಿಯ ಬ್ಯಾಂಕುಗಳ ಚರಿತ್ರೆ ಹೇಳುವ ಪಾಠ



ಪದವಿ ಮುಗಿಸಿ ಸಂದರ್ಶನಕ್ಕೆ ಹೋದವರಿಗೆ ತಪ್ಪದೆ ಎದುರಾಗುವ ಪ್ರಶ್ನೆ, "ನಿಮಗೆ ಏನು ಕೆಲಸ ಗೊತ್ತು? ಅನುಭವವಿದೆಯೇ?" ಎಂಬುದು. ಕೆಲಸವೇ ಸಿಗದೆ ಅನುಭವ ಬರುವುದು ಹೇಗೆ ಎಂದು ಮನಸ್ಸು ಕುಗ್ಗುವುದು ಸಹಜ. ಇದಕ್ಕೆ ಉತ್ತರ ನಮ್ಮ ಅವಿಭಜಿತ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆ.

1906ರ ಮಾರ್ಚ್ 12ರಂದು ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದರು. ಆರಂಭದ ಬಂಡವಾಳ ಕೇವಲ 5,000 ರೂಪಾಯಿ. ಇದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಜುಲೈಯಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ತೆರೆದ ನಿಧಿಯೇ ಇಂದಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿಕೊಂಡವು.

1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆಮನೆಗೆ, ಅಂಗಡಿಗಳಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಈ ಕೆಲಸಕ್ಕೆ ಏನು ಬೇಕಿತ್ತು, ಯೋಚಿಸಿ ನೋಡಿ. ಕಾಸಿಗೆ ಕಾಸು ತಾಳೆಯಾಗುವ ಲೆಕ್ಕ, ಹೇಳಿದ ಹೊತ್ತಿಗೆ ಹಾಜರಾಗುವ ಶಿಸ್ತು, ಎದುರಿನವರ ಭಾಷೆಯಲ್ಲಿ ಮಾತನಾಡುವ ಜಾಣ್ಮೆ, ಪರರ ಹಣವನ್ನು ಅಮಾನತ್ ಎಂದು ಕಾಯುವ ಪ್ರಾಮಾಣಿಕತೆ. ಇವುಗಳಲ್ಲಿ ಯಾವುದೂ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

1969 ಮತ್ತು 1980ರಲ್ಲಿ ಇವುಗಳಲ್ಲಿ ನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರುಗಳು ಅಳಿದರೂ ಉದ್ಯೋಗದಾತರ ನಿರೀಕ್ಷೆ ಬದಲಾಗಿಲ್ಲ. ಸಂವಹನ, ಸಮಯಪಾಲನೆ, ತಂಡದಲ್ಲಿ ದುಡಿಯುವ ಗುಣ ಎಂದು ಇಂದಿನ ಕಂಪೆನಿಗಳು ಕೇಳುವುದು ಹೆಚ್ಚುಕಡಿಮೆ ಅದನ್ನೇ. ಜೊತೆಗೆ ಕಂಪ್ಯೂಟರ್ ಜ್ಞಾನ ಸೇರಿಕೊಂಡಿದೆ, ಅಷ್ಟೆ. ಸರಕಾರಿ ಬ್ಯಾಂಕುಗಳ ಗುಮಾಸ್ತ ದರ್ಜೆಯ ನೇಮಕಾತಿಯಲ್ಲಿ ಸ್ಥಳೀಯ ಭಾಷೆಯ ಪರೀಕ್ಷೆಯೂ ಇದೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಬಳಸುವ ನರಿಕೊಂಬು, ಪಾಣೆಮಂಗಳೂರಿನ ಮಕ್ಕಳಿಗೆ ಇದು ದೊಡ್ಡ ಬಂಡವಾಳ. ಆದರೆ ಕನ್ನಡವನ್ನು ತಪ್ಪಿಲ್ಲದೆ ಬರೆಯಲೂ ಕಲಿಯಬೇಕು.

ಉರ್ದುವಿನಲ್ಲಿ ವಿದ್ಯೆಗೆ ‘ತಾಲೀಮ್’ ಎಂದೂ ಕೈಗೆ ಹತ್ತಿದ ಕೌಶಲಕ್ಕೆ ‘ಹುನರ್’ ಎಂದೂ ಹೇಳುತ್ತಾರೆ. ಕಾಲೇಜು ಕೊಡುವುದು ಮೊದಲನೆಯದನ್ನು. ಎರಡನೆಯದನ್ನು ನಾವೇ ಸಂಪಾದಿಸಬೇಕು. ರಜೆಯಲ್ಲಿ ತಂದೆಯ ಅಂಗಡಿಯ ಲೆಕ್ಕ ಬರೆಯಿರಿ. ಜಮಾಅತಿನ, ಸಂಘದ, ಸ್ವಸಹಾಯ ಗುಂಪಿನ ಜಮಾಖರ್ಚನ್ನು ಕಂಪ್ಯೂಟರಿಗೆ ಏರಿಸಿ ಕೊಡಿ. ಹೆಣ್ಣುಮಕ್ಕಳೂ ಇದನ್ನು ಮನೆಯಲ್ಲಿದ್ದುಕೊಂಡೇ ಮಾಡಬಹುದು. ಸ್ವಂತ ಉದ್ಯೋಗದ ಆಸೆಯುಳ್ಳವರಿಗೆ ಧರ್ಮಸ್ಥಳದ ಟ್ರಸ್ಟ್ ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಹತ್ತಿರದಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರೂ ಭತ್ಯೆ ಪಡೆದು ತರಬೇತಿ ಹೊಂದಬಹುದು. ಇವೆಲ್ಲವೂ ಅನುಭವವೇ. ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ.

ಕೊನೆಯದಾಗಿ ಒಂದು ಮಾತು. ಹಝ್ರತ್ ಖದೀಜಾ (ರ) ತಮ್ಮ ವ್ಯಾಪಾರದ ಸರಕನ್ನು ಸಿರಿಯಾಕ್ಕೆ ಕಳುಹಿಸಲು ಯುವಕರಾಗಿದ್ದ ಪ್ರವಾದಿ ಮುಹಮ್ಮದ್ (ಸ)ರನ್ನು ಆರಿಸಿಕೊಂಡರು. ಮಕ್ಕಾದ ಜನರು ‘ಅಲ್ ಅಮೀನ್’, ಅಂದರೆ ನಂಬಿಗಸ್ತ ಎಂದು ಕರೆಯುತ್ತಿದ್ದುದೇ ಅವರ ಅರ್ಹತಾಪತ್ರವಾಗಿತ್ತು. ಪದವಿ ಪತ್ರದ ಜೊತೆಗೆ ಆ ಹೆಸರನ್ನೂ ಗಳಿಸಿಕೊಳ್ಳೋಣ.