ಧರ್ಮಾಸನದ ಲೇಖಕನಿಗೆ ಭೃತಿ ಬಂದುದೆಲ್ಲಿಂದ?

ನಮ್ಮ ಪ್ರಾಚೀನರು ವ್ಯವಹಾರಸಭೆಗೆ ಹತ್ತು ಅಂಗಗಳನ್ನು ಹೇಳಿರುವರು. ರಾಜ, ಅಧಿಕೃತನಾದ ನ್ಯಾಯಾಧಿಪತಿ, ಸಭ್ಯರು, ಸ್ಮೃತಿ, ಗಣಕ, ಲೇಖಕ, ಸುವರ್ಣ, ಅಗ್ನಿ, ಉದಕ, ಸ್ವಪುರುಷ ಎಂಬಿವೇ ಆ ಹತ್ತು. ಬೃಹಸ್ಪತಿಯ ಹೆಸರಿನಲ್ಲಿ ನಿಬಂಧಕಾರರು ಉದ್ಧರಿಸುವ ವಚನಗಳು ಇವನ್ನು ಒಂದು ದೇಹವಾಗಿ ರೂಪಿಸುತ್ತವೆ. ಅಲ್ಲಿ ರಾಜನು ಶಿರಸ್ಸು, ಅಧಿಕೃತನು ಮುಖ, ಸಭ್ಯರು ಬಾಹುಗಳು. ಗಣಕ ಲೇಖಕರಿಬ್ಬರೂ ಎರಡು ಜಂಘೆಗಳು. ಸಭೆಯು ನಿಂತಿರುವುದೇ ಇವರ ಮೇಲೆ ಎಂದ ಹಾಗಾಯಿತು. ಮುಖವು ಏನನ್ನು ನುಡಿಯಬೇಕು, ಬಾಹುಗಳು ಹೇಗೆ ನಡೆಯಬೇಕು ಎಂಬ ವಿಷಯದಲ್ಲಿ ಪಂಡಿತರು ಬಹಳವಾಗಿ ಬರೆದಿರುವರು. ಜಂಘೆಗಳಿಗೆ ಅನ್ನವೆಲ್ಲಿಂದ ಬರುತ್ತಿದ್ದಿತೆಂಬುದನ್ನು ವಿಚಾರಿಸಿದವರು ವಿರಳ. ಅರ್ಥಿಪ್ರತ್ಯರ್ಥಿಗಳ ಮಾತನ್ನು ಪತ್ರಕ್ಕೇರಿಸುವವನು ಯಾರ ಹಣದಿಂದ ಬದುಕುತ್ತಾನೆಂಬುದು ತೀರ್ಪಿನ ಶುದ್ಧಿಗೆ ಸಂಬಂಧಿಸಿದ ವಿಷಯವಾದುದರಿಂದ ಅದನ್ನು ಇಲ್ಲಿ ಪರಿಶೀಲಿಸಲಾಗುವುದು.

ಈ ವಿಷಯದಲ್ಲಿ ಸಂಖ್ಯೆಗಳನ್ನು ಕೊಡುವ ಗ್ರಂಥವೆಂದರೆ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಈ ಗ್ರಂಥದ ಐದನೆಯ ಅಧಿಕರಣದಲ್ಲಿ ಭೃತ್ಯಭರಣೀಯವೆಂಬ ಪ್ರಕರಣವಿದೆ. ರಾಜ್ಯದ ಆದಾಯದಲ್ಲಿ ಕಾಲುಭಾಗವನ್ನು ಭೃತ್ಯರಿಗಾಗಿ ಗೊತ್ತುಮಾಡಬೇಕೆಂಬುದು ಅಲ್ಲಿಯ ಮೂಲಸೂತ್ರ. ಮಂತ್ರಿ ಪುರೋಹಿತಾದಿಗಳಿಗೆ 48,000 ಪಣ. ನಗರದ ವ್ಯವಹಾರಗಳನ್ನು ನೋಡುವ ಪೌರವ್ಯಾವಹಾರಿಕನಿಗೆ 12,000. ಕಂಟಕಶೋಧನದ ಪ್ರದೇಷ್ಟೃಗಳಿಗೆ 8,000. ಸಂಖ್ಯಾಯಕ ಲೇಖಕಾದಿ ವರ್ಗಕ್ಕೆ 500. ಶಿಕ್ಷಿತನಾದ ಪದಾತಿಗೂ ಅಷ್ಟೇ. ಎಂದರೆ, ಅಪರಾಧವನ್ನು ವಿಚಾರಿಸುವವನಿಗೆ ಹದಿನಾರು ಪಾಲಾದರೆ ಅದನ್ನು ಬರೆದುಕೊಳ್ಳುವವನಿಗೆ ಒಂದು ಪಾಲು. ಧರ್ಮಸ್ಥರೆಂಬ ನ್ಯಾಯಾಧಿಪತಿಗಳ ಹೆಸರೇ ಈ ಪಟ್ಟಿಯಲ್ಲಿ ಕಾಣದಿರುವುದು ಒಂದು ಚಿಂತ್ಯವಿಷಯ. ಕೋಶದಲ್ಲಿ ಹಣವು ಅಲ್ಪವಾಗಿದ್ದಾಗ ಕುಪ್ಯ, ಪಶು, ಕ್ಷೇತ್ರಗಳನ್ನು ಕೊಟ್ಟು ಸ್ವಲ್ಪಮಾತ್ರ ನಗದನ್ನು ಸೇರಿಸಬೇಕೆಂತಲೂ, ಅರವತ್ತು ಪಣದ ವೇತನಕ್ಕೆ ಒಂದು ಆಢಕ ಧಾನ್ಯದ ಲೆಕ್ಕವೆಂತಲೂ, ಕೆಲಸದಲ್ಲಿರುವಾಗಲೇ ಮೃತನಾದವನ ಹೆಂಡತಿಮಕ್ಕಳು ಭಕ್ತವೇತನವನ್ನು ಪಡೆಯಬೇಕೆಂತಲೂ ಅದೇ ಪ್ರಕರಣದಲ್ಲಿ ಹೇಳಿದೆ.

ಐನೂರು ಪಣವು ಹೆಚ್ಚೋ ಕಡಿಮೆಯೋ ಎಂಬುದನ್ನು ದಂಡದೊಡನೆ ಹೋಲಿಸಿದರೆ ತಿಳಿಯುವುದು. ನಾಲ್ಕನೆಯ ಅಧಿಕರಣದಲ್ಲಿ, ಹೇಳಿದುದನ್ನು ಬರೆಯದ, ಹೇಳದುದನ್ನು ಬರೆದ, ತಪ್ಪು ನುಡಿದುದನ್ನು ತಿದ್ದಿ ಬರೆದ, ಸರಿಯಾಗಿ ನುಡಿದುದನ್ನು ಕೆಡಿಸಿದ ಲೇಖಕನಿಗೆ ಪೂರ್ವಸಾಹಸದಂಡವನ್ನು, ಇಲ್ಲವೆ ಅಪರಾಧಕ್ಕೆ ತಕ್ಕ ದಂಡವನ್ನು ವಿಧಿಸಿದೆ. ಈ ಪೂರ್ವಸಾಹಸವು 48 ಪಣದಿಂದ 96 ಪಣದವರೆಗೆ. ವೇತನವು ವಾರ್ಷಿಕವೆಂದು ಹೆಚ್ಚು ಮಂದಿ ವಿದ್ವಾಂಸರು ಗ್ರಹಿಸಿರುವಂತೆ ಗ್ರಹಿಸಿದರೆ, ತಿಂಗಳಿಗೆ ನಲವತ್ತೆರಡು ಪಣಕ್ಕೂ ಕಡಮೆಯಾಯಿತಷ್ಟೆ. ಆದಕಾರಣ ಲೇಖಕನ ಒಂದು ವಕ್ರಾಕ್ಷರಕ್ಕೆ ಒಂದು ತಿಂಗಳಿಂದ ಎರಡು ತಿಂಗಳಿಗೆ ಮೀರಿದ ಅನ್ನವು ಹೋಗುತ್ತಿದ್ದಿತು. ಕೌಟಿಲ್ಯನಿಗೆ ಲೇಖಕನಲ್ಲಿ ನಂಬಿಕೆ ಸಾಲದು. ಅದಕ್ಕೆಂದೇ ವೇತನವನ್ನು ಕೋಶಕ್ಕೂ ದಂಡವನ್ನು ಲೇಖನಿಗೂ ಕಟ್ಟಿದ್ದಾನೆ.

ಸ್ಮೃತಿಗಳ ಕಡೆಗೆ ತಿರುಗಿದರೆ ವೇತನದ ಪಟ್ಟಿಯಿಲ್ಲ. ಆದರೆ ವ್ಯಾಜ್ಯದಿಂದ ರಾಜನಿಗೆ ಸಲ್ಲುವ ಹಣದ ಮಾತುಂಟು. ಸಾಲವನ್ನು ಒಪ್ಪಿಕೊಂಡವನಿಂದ ನೂರಕ್ಕೆ ಐದು, ಇಲ್ಲವೆಂದು ಸುಳ್ಳಾಡಿದವನಿಂದ ಅದರ ಎರಡರಷ್ಟು ಎಂದು ಮನು. ಇವೆರಡೂ ಸಾಲಗಾರನ ಮೇಲಿನ ದಂಡವೇ. ಯಾಜ್ಞವಲ್ಕ್ಯನಾದರೋ ವಿಲಕ್ಷಣವಾಗಿ ವಿಭಾಗಿಸುತ್ತಾನೆ: ರಾಜನು ಸಾಧಿಸಿಕೊಟ್ಟ ಧನದಲ್ಲಿ ನೂರಕ್ಕೆ ಹತ್ತನ್ನು ಅಧಮರ್ಣನು ಕೊಡಬೇಕು, ಧನವನ್ನು ಪಡೆದ ಉತ್ತಮರ್ಣನೂ ನೂರಕ್ಕೆ ಐದನ್ನು ಕೊಡಬೇಕು. ಗೆದ್ದವನು ಯಾವ ತಪ್ಪಿಗಾಗಿ ಕೊಡಬೇಕು? ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಶಂಕೆಗೆ ಒಂದೇ ಶಬ್ದದಿಂದ ಸಮಾಧಾನವನ್ನು ಕೊಟ್ಟಿದ್ದಾನೆ. ಸಾಲಗಾರನ ದಶಮಾಂಶವು ದಂಡ. ಸಾಲ ಕೊಟ್ಟವನ ವಿಂಶಾಂಶವು ಭೃತಿ. ಒಂದು ಅಪರಾಧದ ಫಲ, ಮತ್ತೊಂದು ಸೇವೆಯ ಮೂಲ್ಯ.

ಈ ಭೃತಿಯು ಲೇಖಕನ ವೇತನವೆಂದು ವಿಜ್ಞಾನೇಶ್ವರನು ಬಾಯಿಬಿಟ್ಟು ಹೇಳಿಲ್ಲ. ಸ್ವೀಕರಿಸುವವನು ರಾಜನು. ನನ್ನ ಮತಿಗೆ ಇಲ್ಲಿಯೇ ರಹಸ್ಯವಿರುವಂತೆ ತೋರುತ್ತದೆ. ಸಭೆಯ ಶ್ರಮಕ್ಕೆ ಬೆಲೆಯುಂಟೆಂದು ಒಪ್ಪಿದರೂ ಆ ಬೆಲೆಯು ಗೆದ್ದವನ ಕೈಯಿಂದ ನೇರವಾಗಿ ಬರೆದವನ ಕೈಗೆ ಬೀಳಕೂಡದು, ನಡುವೆ ರಾಜಕೋಶವಿರಬೇಕು. ಇದು ಕೇವಲ ಊಹೆಯಲ್ಲವೆಂಬುದಕ್ಕೆ ಆಚಾರಾಧ್ಯಾಯದ ವ್ಯಾಖ್ಯಾನವೇ ಸಾಕ್ಷಿ. ವಿಶೇಷವಾಗಿ ಕಾಯಸ್ಥರ ಪೀಡೆಯಿಂದ ಪ್ರಜೆಗಳನ್ನು ಕಾಪಾಡಬೇಕೆಂದು ಯಾಜ್ಞವಲ್ಕ್ಯನು ಹೇಳಿದಲ್ಲಿ, ಕಾಯಸ್ಥರೆಂದರೆ ಗಣಕರೂ ಲೇಖಕರೂ ಎಂದು ಮಿತಾಕ್ಷರಾಕಾರನು ವಿವರಿಸಿ, ಅವರು ರಾಜನಿಗೆ ಪ್ರಿಯರೂ ಬಹು ಮಾಯಾವಿಗಳೂ ಆದುದರಿಂದ ತಡೆಯಲಸಾಧ್ಯರೆಂದು ಸೇರಿಸಿದ್ದಾನೆ. ಪ್ರಜೆಗಳಿಂದ ತಾವಾಗಿಯೇ ವಸೂಲು ಮಾಡುವ ಸ್ವಾತಂತ್ರ್ಯವನ್ನು ಇಂಥವರಿಗೆ ಆತನು ಕೊಟ್ಟಿರಲಾರನು. ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ಅಧಿಕರಣಿಕನ ಬಳಿ ಕುಳಿತು ಬರೆಯುವ ಕಾಯಸ್ಥನನ್ನು ಸಾಹಿತ್ಯದ ಅಧ್ಯಾಪಕರು ಬಲ್ಲರು. ಅಲ್ಲಿ ಆತನು ಸಾಧುವಾಗಿಯೇ ಇದ್ದಾನೆ.

ಪ್ರಾಚೀನ ಗ್ರಂಥಗಳಲ್ಲಿ ಕಂಡ ಈ ಪ್ರಶ್ನೆಯು ಆಂಗ್ಲರ ಆಳ್ವಿಕೆಯಲ್ಲಿ ಪುನಃ ತಲೆದೋರಿತು. ಬಂಗಾಳದಲ್ಲಿ ಕಾರ್ನ್‌ವಾಲಿಸನು 1793ರಲ್ಲಿ ವ್ಯಾಜ್ಯಶುಲ್ಕವನ್ನು ತೆಗೆದುಹಾಕಿದನು. ಎರಡೇ ವರ್ಷಗಳಲ್ಲಿ, 1795ರಲ್ಲಿ, ಅದು ಮರಳಿ ಬಂದಿತು. 1870ರ ಕೋರ್ಟು ಫೀಜಿನ ಕಾಯಿದೆಯು ಶುಲ್ಕವನ್ನು ಮುದ್ರೆಯ ಕಾಗದದ ಮೂಲಕ ಸರಕಾರಕ್ಕೇ ಸಲ್ಲುವಂತೆ ಮಾಡಿತು. ಕರ್ಣಾಟಕದಲ್ಲಿ 1958ರ ಕಾಯಿದೆಯು ಇದೇ ವಿಷಯದ್ದು.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದ 229ನೆಯ ಅನುಚ್ಛೇದವನ್ನು ಮಿತಾಕ್ಷರೆಯ ಪಕ್ಕದಲ್ಲಿಟ್ಟು ಓದಿದರೆ ವಿದ್ವಾಂಸರಿಗೆ ಸಂತೋಷವಾಗದಿರದು. ಹೈಕೋರ್ಟಿನ ನೌಕರರ ಸೇವಾನಿಯಮಗಳನ್ನು ಮುಖ್ಯ ನ್ಯಾಯಾಧೀಶರು ರಚಿಸಬಹುದು. ಆ ನಿಯಮಗಳು ಸಂಬಳ, ಭತ್ಯ, ರಜೆ, ನಿವೃತ್ತಿವೇತನಗಳಿಗೆ ಸಂಬಂಧಿಸಿದ ಮಟ್ಟಿಗೆ ರಾಜ್ಯಪಾಲರ ಒಪ್ಪಿಗೆ ಬೇಕು. ಸಂಬಳವೆಲ್ಲವೂ ರಾಜ್ಯದ ಸಂಚಿತನಿಧಿಯ ಮೇಲೆ ಪ್ರಭೃತವಾದ ವೆಚ್ಚ; ಆದುದರಿಂದ ಶಾಸಕರು ಅದನ್ನು ಚರ್ಚಿಸಬಹುದೇ ಹೊರತು ಮತಕ್ಕೆ ಹಾಕುವಂತಿಲ್ಲ. ಅಲ್ಲದೆ ನ್ಯಾಯಾಲಯವು ತೆಗೆದುಕೊಳ್ಳುವ ಶುಲ್ಕವೂ ಇತರ ಹಣವೂ ಅದೇ ನಿಧಿಯ ಭಾಗವಾಗತಕ್ಕದ್ದು. ಸರ್ವೋಚ್ಚ ನ್ಯಾಯಾಲಯಕ್ಕೆ 146ನೆಯ ಅನುಚ್ಛೇದದಲ್ಲಿ ಇದೇ ಕ್ರಮವಿದ್ದು, ರಾಜ್ಯಪಾಲರ ಸ್ಥಾನದಲ್ಲಿ ರಾಷ್ಟ್ರಪತಿಗಳೂ ರಾಜ್ಯದ ನಿಧಿಯ ಸ್ಥಾನದಲ್ಲಿ ಭಾರತದ ನಿಧಿಯೂ ಇವೆ. ಶುಲ್ಕವು ಕೋಶಕ್ಕೆ, ವೇತನವು ಕೋಶದಿಂದ. ಎರಡರ ನಡುವೆ ಲೇಖಕನ ಕೈಯಿಲ್ಲ.

ಭೇದವೂ ಇಲ್ಲದಿಲ್ಲ. ಜಿಲ್ಲೆ ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ಕುಳಿತು ಬರೆಯುವ ಗುಮಾಸ್ತರಿಗೆ ಈ 229ನೆಯ ಅನುಚ್ಛೇದವು ಅನ್ವಯಿಸುವುದಿಲ್ಲ. ಅವರ ಸಂಬಳವು ರಾಜ್ಯಸರಕಾರದ ಸೇವಾನಿಯಮಗಳನ್ನೂ ಆಯವ್ಯಯವನ್ನೂ ಅನುಸರಿಸಿ ನಡೆಯುವುದು. ಕೌಟಿಲ್ಯನಾದರೋ ಲೇಖಕನು ಯಾವ ಅಧಿಕರಣದಲ್ಲಿ ಕುಳಿತವನೆಂಬ ಭೇದವನ್ನೆಣಿಸದೆ ಎಲ್ಲರಿಗೂ ಒಂದೇ ಐನೂರನ್ನು ಬರೆದಿಟ್ಟಿದ್ದಾನೆ.